ಬಿಸಿಬಂಡೆಗೆ ಊರಿದ ಕೈ

ವೈಶಾಖದ ನಲವತ್ತೊಂದನೇ ದಿನ, ಇಸವಿ ೨೨೩೧
ಹೆಬ್ಬಂಡೆ ಮಡು, ಕಾವೇರಿ ದಂಡೆ

ಹಿಂದಿನ ಕಾಲದ ಬಂಧುಗಳೇ,

ತಾರೀಖು ನೋಡಿ ನಗಬೇಡಿ. ಮೊದಲ ಮಳೆ ಬೀಳುವವರೆಗೆ ನಾವು ತಿಂಗಳು ಬದಲಿಸುವುದಿಲ್ಲ. ಹೋದ ವರ್ಷ ವೈಶಾಖ ಅರವತ್ತು ದಿನ ದಾಟಿತ್ತು. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಾನು ಹೊನ್ನಾಜಮ್ಮ, ಈ ಮಡುವಿನ ನೀರುಗಾವಲಿನವಳು. ವಯಸ್ಸು ಅರವತ್ತೆರಡು, ಮಂಡಿನೋವು ಉಂಟು, ಸಿಟ್ಟು ಮೂಗಿನ ತುದಿಯಲ್ಲೇ.

ನನ್ನ ಕೆಲಸ ವರ್ಷಕ್ಕೊಮ್ಮೆ ಒಂದು ಕಾಡುಮೀನು ಹಿಡಿದು ಬಿಡುವುದು. ಕಾಡುಮೀನು ಎಂದರೆ ತೊಟ್ಟಿಯಲ್ಲಿ ಸಾಕಿದ್ದಲ್ಲ, ಹೊಳೆಯಲ್ಲೇ ಹುಟ್ಟಿ ಬೆಳೆದ ಬಿಳಿಮೀನು; ನೀವು ಮಹಶೀರ್ ಅನ್ನುತ್ತಿದ್ದಿರಂತೆ. ಒಂದಾದರೂ ಜೀವಂತ ಇದೆ ಎಂದು ಹರಿವು ಕಚೇರಿಗೆ ಬರೆದುಕೊಟ್ಟರೆ ಮಾತ್ರ ಮೇಲಿನ ಅಣೆಕಟ್ಟಿನಿಂದ ಇನ್ನೊಂದು ವರ್ಷ ಹೊಳೆಗೆ ನೀರು ಬಿಡುತ್ತಾರೆ. ಇಲ್ಲವೆಂದರೆ ಬಾಗಿಲು ಹಾಕಿ, ಇದ್ದಬದ್ದ ನೀರನ್ನೆಲ್ಲ ಕೊಳವೆಗೆ ತಿರುಗಿಸುತ್ತಾರೆ. ಬಲೆ ಹಾಕುವಂತಿಲ್ಲ, ಎರೆಹುಳು ಸಿಕ್ಕಿಸುವಂತಿಲ್ಲ. ಗರಿಗಾಳವೊಂದೇ: ಮುಳ್ಳಿಲ್ಲದ ಸಣ್ಣ ಕೊಕ್ಕೆಗೆ ಕೋಳಿಗರಿ ಸುತ್ತಿ, ಹುಳು ಬಿದ್ದಂತೆ ನೀರಿನ ಮೇಲೆ ಹಗುರವಾಗಿ ಬೀಸುವುದು. ಬೆಳಗ್ಗೆ ಎಂಟಕ್ಕೆಲ್ಲ ಎಲ್ಲರೂ ನೆಲಮನೆ ಸೇರಿಕೊಳ್ಳುತ್ತಾರೆ, ಅಂದರೆ ಬಿಸಿಲಿಗೆ ಹೆದರಿ ಮಣ್ಣಿನಡಿ ತೋಡಿಕೊಂಡ ಕೋಣೆ. ಅಷ್ಟರೊಳಗೆ ನಮ್ಮ ಬೀಸಾಟ ಮುಗಿಯಬೇಕು.

ಬೀಸುವ ಮುಂಚೆ ಒಂದು ನೇಮವಿದೆ. ಕೈಯನ್ನು ನೀರಿಗಿಳಿಸಿ ನೂರು ಎಣಿಸಬೇಕು. ನೀರು ಬೆಚ್ಚಗಿದ್ದರೆ ಗಾಳ ಸುತ್ತಿಟ್ಟು ಮನೆಗೆ ಹೋಗಬೇಕು. ಬಿಸಿನೀರಲ್ಲಿ ಉಸಿರು ಕಡಿಮೆ. ಎಳೆದಾಡಿ ಸುಸ್ತಾದ ಮೀನನ್ನು ಬಿಟ್ಟರೂ ಬದುಕುವುದಿಲ್ಲ. ಶಾಖ ಅಳೆಯುವ ಕಡ್ಡಿಯೊಂದಿತ್ತು, ಒಡೆದು ಮೂರು ವರ್ಷವಾಯಿತು. ಹೊಸದು ಕಳಿಸುತ್ತೇವೆ ಅಂತ ಕಚೇರಿಯವರು ಹೇಳುತ್ತಲೇ ಇದ್ದಾರೆ.

ನಿನ್ನೆ ಬರೆದುಕೊಡಲು ಕೊನೆಯ ದಿನ. ಹತ್ತೊಂಬತ್ತು ದಿನ ಬರಿಗೈಯಲ್ಲಿ ವಾಪಸು ಬಂದಿದ್ದೆ. ಎಂಟು ಹೊಡೆದರೂ ಏನೂ ಸಿಗದೆ, ಆದದ್ದಾಗಲಿ ಅಂತ ಅಲ್ಲೇ ಉಳಿದೆ. ಜೊತೆಗೆ ನನ್ನ ತಂಗಿಯ ಮಗಳು ಸಣ್ಣತಾಯಿ ಇದ್ದಳು. ಹತ್ತರ ಹೊತ್ತಿಗೆ ಬಂಡೆ ಕಾದ ಹೆಂಚಾಗಿತ್ತು. ಮಂಡಿ ಬಗ್ಗದೆ, ಅಂಗೈಯನ್ನು ಬಂಡೆಗೆ ಊರಿ ಕೂತೆ. ಉರಿಯುತ್ತಿದ್ದ ಅದೇ ಕೈಯನ್ನು ನೀರಿಗಿಟ್ಟೆ. ಆಹಾ, ಎಷ್ಟು ತಣ್ಣಗಿದೆ ಅನ್ನಿಸಿತು. ಹತ್ತು ಎಣಿಸುವಷ್ಟರಲ್ಲಿ ಸಾಕೆಂದು ಎದ್ದೆ. ದೊಡ್ಡಮ್ಮ, ಇನ್ನೂ ನೂರಾಗಿಲ್ಲ ಅಂದಳು. ನಲವತ್ತು ವರ್ಷದಿಂದ ಎಣಿಸಿದ್ದೇನೆ, ನನಗೇ ಪಾಠ ಹೇಳಬೇಡ ಕಣೇ ಅಂತ ಗದರಿದೆ.

ಮೂರನೇ ಬೀಸಿಗೇ ಮೀನು ಹಿಡಿಯಿತು. ತೋಳುದ್ದದ್ದು, ನನ್ನನ್ನೇ ಎಳೆದುಕೊಂಡು ಹೋಗುವಂತಿತ್ತು. ಅದು ಸೋತ ಮೇಲೆ ನೀರಿನಿಂದ ಎತ್ತದೆಯೇ ಕೊಕ್ಕೆ ಬಿಡಿಸಿ, ತಲೆಯನ್ನು ಹರಿವಿಗೆ ಎದುರಾಗಿ ಹಿಡಿದು ನಿಂತೆ. ಕಿವಿರು ಒಮ್ಮೆ ಆಡಿತು, ತಡೆದು ಇನ್ನೊಮ್ಮೆ ಆಡಿತು. ಬಂಡೆಯ ಉರಿ ಆರಿ, ನೀರಿನ ನಿಜವಾದ ಬಿಸಿ ನನ್ನ ಕೈಗೆ ಗೊತ್ತಾದದ್ದು ಆಗ. ಅಯ್ಯೋ ನನ್ನ ಕರ್ಮವೇ, ಬಾಣಂತಿಗೆ ಎರೆಯುವ ನೀರಿನ ಹಾಗಿತ್ತು! ಹೊತ್ತು ನೆತ್ತಿಗೆ ಬರುವವರೆಗೂ ಹಿಡಿದುಕೊಂಡೇ ಇದ್ದೆ. ಬಿಟ್ಟಾಗ ಹೊಟ್ಟೆ ಮೇಲಾಗಿ ತೇಲಿತು. ಸಣ್ಣತಾಯಿ ಗಾಳ ಸುತ್ತತೊಡಗಿದಳು, ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ಕಚೇರಿಯ ಕಾಗದದಲ್ಲಿ ಜೀವಂತ ಎಂದು ಬರೆದು ಸಹಿ ಹಾಕಿದೆ. ಹೌದು, ಸುಳ್ಳೇ. ನಲವತ್ತು ವರ್ಷದಲ್ಲಿ ಮೊದಲನೆಯದು. ಮಡುವಿನಲ್ಲಿ ಇನ್ನೊಂದು ಮೀನು ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಇದ್ದರೆ ಅದಕ್ಕೆ ನೀರು ಬೇಕಲ್ಲ, ಅದೊಂದೇ ಯೋಚನೆ ಮಾಡಿದೆ. ಇಲ್ಲಿ ಯಾರ ಮುಂದೆಯೂ ಬಾಯಿ ಬಿಡುವಂತಿಲ್ಲ. ನೀವಾದರೆ ದೂರು ಕೊಡಲಾರಿರಿ, ಅದಕ್ಕೇ ಬರೆದೆ. ತುಂಬಾ ಸುಸ್ತಾಗಿದೆ, ಬಂಧುಗಳೇ.

ನಾನು ಕೊಂದ ಮೀನಿನ ಹಿರೀಕರು ಇವತ್ತು ನಿಮ್ಮ ಹೊಳೆಯಲ್ಲಿ ಈಜುತ್ತಿದ್ದಾರೆ. ದಯವಿಟ್ಟು, ಬಿಸಿಲೇರಿದ ಮೇಲೆ ಅವರ ತಂಟೆಗೆ ಹೋಗಬೇಡಿ. ನಿಮ್ಮಿಂದ ಒಂದೇ ಒಂದು ಮೀನು ಹೆಚ್ಚಿಗೆ ಉಳಿದರೂ, ಅದರ ಸಂತಾನದ್ದೊಂದು ಈಗ ಈ ಮಡುವಿನ ತಳದಲ್ಲೆಲ್ಲೋ ಇರುತ್ತದೆ. ಆಗ ನಾನು ಬರೆದುಕೊಟ್ಟದ್ದು ಸುಳ್ಳಾಗುವುದಿಲ್ಲ.

ಹೊನ್ನಾಜಮ್ಮ