ಕ್ಲಚ್ ಇಲ್ಲದ ಗಾಡಿ

ಕೈಲಾಂಚ
೯ ಫೆಬ್ರವರಿ ೨೦೨೫

ಪ್ರೀತಿಯ ಮುನಾವರ್,

ನೀನೂ ಶಬ್ನಮ್ ಅತ್ತಿಗೆಯೂ ಶಿರಾದ ಬಿಸಿಲಿಗೆ ಒಗ್ಗಿಕೊಂಡಿರಬೇಕು. ದೀಪಾವಳಿಗೆ ಮುಂಚೆ ನೀನು ಬರೆದ ಪತ್ರಕ್ಕೆ ಈಗ ಉತ್ತರ ಬರೆಯಲು ಕೂತಿದ್ದೇನೆ. ಬೈದುಕೊಂಡಿರುತ್ತೀಯ, ಬೈಯಬೇಕಾದದ್ದೇ. ನಿನ್ನ ಮಗಳು ಹಾಜಿರಾ ಫೋನ್ ಮಾಡಿ, "ಅಬ್ಬಾ ಕೇಳ್ತಾವ್ರೆ, ಯಾಕ್ ಚಿಕ್ಕಪ್ಪ ಬರೀಲೇ ಇಲ್ಲ?" ಅಂದಳು. ನಾಳೆ ಬರೀತೀನಿ ಕಣವ್ವ ಅಂದವನು ಹಾಗೇ ಉಳಿದೆ. ನಿನ್ನ ಕಿವಿ ಮಂದವಾದ ಮೇಲೆ ಫೋನಿನಲ್ಲಿ ಕೂಗಾಡಲು ನನಗೆ ಮನಸ್ಸಾಗುವುದಿಲ್ಲ. ಅದೂ ಅಲ್ಲದೆ ಇದು ಕೂಗಿ ಹೇಳುವ ಸಂಗತಿಯಲ್ಲ.

ಮೊದಲು ಸುದ್ದಿ. ನಮ್ಮ ಪಿಕಪ್ಪಿನ ಇಂಜಿನ್ ಇಳಿಸಿಬಿಟ್ಟೆ. ಹೌದು ಕಣಯ್ಯ, ನಿನ್ನ ಗ್ಯಾರೇಜಿನಲ್ಲಿ ನೀನೇ ಬಿಚ್ಚಿ ಕಟ್ಟಿ ಜೀವ ಕೊಟ್ಟಿದ್ದ ಅದೇ ಪೆಟ್ರೋಲ್ ಇಂಜಿನ್. ಅದರ ಜಾಗದಲ್ಲಿ ಈಗ ಕರೆಂಟಿನ ಮೋಟಾರು ಕೂತಿದೆ. ಈ ವಯಸ್ಸಿನಲ್ಲಿ ಇವನಿಗೇನು ಬಂತು ಎಂದು ನೀನು ಕೇಳುತ್ತೀಯ. ಅದಕ್ಕೆ ರಮ್ಯಾಳಿಂದ ಶುರು ಮಾಡಬೇಕು.

ನನ್ನ ಭುಜ ಕೈಕೊಟ್ಟ ಮೇಲೆ ಮಗಳೇ ಗಾಡಿ ಹಿಡಿದದ್ದು ನಿನಗೆ ಗೊತ್ತು. ನಮ್ಮ ರೇಷ್ಮೆಗೂಡಿನ ಜೊತೆಗೆ ಅಕ್ಕಪಕ್ಕದವರದ್ದೂ ತುಂಬಿಕೊಂಡು ರಾಮನಗರದ ಮಾರುಕಟ್ಟೆಗೆ ಹೊರಟಳೆಂದರೆ, ಅವಳು ಗಾಡಿ ಹಿಂದಕ್ಕೆ ತಗೊಳ್ಳುವುದನ್ನು ನೋಡಲು ಹಮಾಲಿಗಳು ಕೈಕಟ್ಟಿ ನಿಲ್ಲುತ್ತಿದ್ದರಂತೆ. ಆಮೇಲಿನದೂ ನಿನಗೆ ಗೊತ್ತು, ಆಸ್ಪತ್ರೆಗೆ ಬಂದು ನೋಡಿದವನು ನೀನು. ಒಂದೂವರೆ ವರ್ಷದ ಹಿಂದೆ, ಮಳೆಗಾಲದಲ್ಲಿ ಸ್ಕೂಟರಿನಲ್ಲಿ ಹೋಗುತ್ತಿದ್ದವಳಿಗೆ ಕಲ್ಲು ತುಂಬಿದ ಟಿಪ್ಪರ್ ತಗುಲಿ, ಎಡಗಾಲು ಮಂಡಿಯ ಮೇಲಿನಿಂದಲೇ ಹೋಯಿತು.

ಕೃತಕ ಕಾಲು ಹಾಕಿಸಿದೆವು. ಕೋಲಿಲ್ಲದೆ ನಡೆಯುವುದನ್ನು ಹಟ ಹಿಡಿದು ಕಲಿತಳು. ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದಳು, ರೇಷ್ಮೆಹುಳುವಿಗೆ ಹಾಕುತ್ತಿದ್ದಳು. ಗಾಡಿಯ ಕಡೆ ಮಾತ್ರ ತಿರುಗಿ ನೋಡಲಿಲ್ಲ. ಕ್ಲಚ್ಚಿಗೆ ಎಡಗಾಲು ಬೇಕಲ್ಲ.

ಒಂದು ದಿನ ಪಕ್ಕದ ಹೊಲದ ಚಲುವಯ್ಯ ಬಂದ. "ಅನಂತಣ್ಣ, ನಿನ್ ಭುಜ ನೋಡುದ್ರೆ ಹಿಂಗೆ. ಮಗ್ಳು ಇನ್ ಓಡಿಸಾಕಿಲ್ಲ. ಸುಮ್ಕೆ ನಿಂತು ತುಕ್ ಹಿಡಿಯಾದ್ಯಾಕೆ, ನಂಗ್ ಕೊಟ್ಬುಡು" ಅಂದ. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ರಮ್ಯಾ, "ಕೊಟ್ಬುಡಪ್ಪ. ಚಲುವಯ್ಯ ಮಾವ ಚೆನ್ನಾಗ್ ನೋಡ್ಕತದೆ" ಅಂದಳು. ಅವಳ ದನಿಯಲ್ಲಿ ಏನೂ ಇರಲಿಲ್ಲ. ಹಳೇ ಬಟ್ಟೆಯನ್ನು ಪಾತ್ರೆಯವನಿಗೆ ಕೊಡು ಅಂದ ಹಾಗಿತ್ತು. ಯೋಚನೆ ಮಾಡಿ ಹೇಳುತ್ತೇನೆ ಎಂದು ಚಲುವಯ್ಯನನ್ನು ಕಳಿಸಿದೆ.

ಅದೇ ವಾರ ರಾಮನಗರದ ಬಸ್‌ಸ್ಟ್ಯಾಂಡಿನಲ್ಲಿ ಕೈಲಾಂಚದ ಬಸ್ಸಿಗೆ ಕಾಯುತ್ತಿದ್ದೆ. ಎದುರಿಗೆ ನಾಲ್ಕು ಚಕ್ರದ ಒಂದು ಕರೆಂಟಿನ ಲಗೇಜು ಗಾಡಿ ಬಂತು. ಓಡಿಸುವವನು ಎಡಗಾಲನ್ನು ಸೀಟಿನ ಮೇಲೆ ಮಡಿಸಿ, ಜಗುಲಿಯ ಮೇಲೆ ಕೂತ ಹಾಗೆ ಆರಾಮಾಗಿ ಕೂತಿದ್ದ. ಕರೆಂಟಿನ ಗಾಡಿಗೆ ಕ್ಲಚ್ಚೇ ಇಲ್ಲ, ಆ ಕಾಲಿಗೆ ಕೆಲಸವೇ ಇರಲಿಲ್ಲ. ಬಸ್ಸು ಬಂದದ್ದೂ ಹೋದದ್ದೂ ನನಗೆ ತಿಳಿಯಲಿಲ್ಲ ಮುನಾವರ್.

ಕರೆಂಟಿನ ಗಾಡಿ ರಿಪೇರಿ ಮಾಡುವ ಅಶ್ವಥ್ ಎಂಬ ಹುಡುಗನನ್ನು ಹುಡುಕಿಕೊಂಡು ಹೋದೆ. ಸರ್ಕಾರದ ಒಪ್ಪಿಗೆ ಇರುವ ಮೋಟಾರು, ಬ್ಯಾಟರಿಯನ್ನೇ ಹಾಕಬೇಕು, ಆಮೇಲೆ ಆರ್‌ಟಿಒದವರು ನೋಡಿ ಒಪ್ಪಬೇಕು ಎಂದ. ಬಿಚ್ಚುವ ಕೆಲಸ ನನ್ನದು, ವೈರಿಂಗ್ ಅವನದು ಎಂದಾಯಿತು. ಮನೆಯಲ್ಲಿ ಕೇಳಿದವರಿಗೆಲ್ಲ, "ಹುಳಿನ್ ಮನೆ ಪಕ್ಕ ಪೆಟ್ರೋಲ್ ವಾಸ್ನೆ ಒಳ್ಳೇದಲ್ಲ, ಅದುಕ್ಕೆ" ಎಂದೆ. ಸುಳ್ಳೇನಲ್ಲ. ಆದರೆ ಅದು ಕಾರಣವೂ ಅಲ್ಲ.

ಹುಣಸೆಮರದ ಕೊಂಬೆಗೆ ಚೈನು ರಾಟೆ ಕಟ್ಟಿ ಇಂಜಿನ್ ಎತ್ತಿದೆವು. ಅದು ಗಾಳಿಯಲ್ಲಿ ತೂಗಾಡುವಾಗ ನಿನ್ನ ನೆನಪಾಯಿತು. ಗ್ಯಾರೇಜಿನಲ್ಲಿ ನಿನ್ನ ಕೈಕೆಳಗೆ ಸ್ಪ್ಯಾನರ್ ಹಿಡಿದು ಕಲಿತವನು ನಾನು. ನಿನ್ನ ಕೆಲಸವನ್ನು ನಾನೇ ಕಿತ್ತು ಹಾಕುತ್ತಿದ್ದೆ. ಸಿಟ್ಟಾಗಬೇಡ.

ಹಳೆಯ ಗೇರ್‌ಬಾಕ್ಸಿಗೆ ಹೊಸ ಮೋಟಾರು ಕೂರಿಸಲು ನಡುವೆ ಒಂದು ಕಬ್ಬಿಣದ ತಟ್ಟೆ ಬೇಕಿತ್ತು. ಲೇತ್ ಅಂಗಡಿಯವನು ಅಳತೆ ತಪ್ಪಿಸಿ ಒಂದು ತಟ್ಟೆ ಹಾಳು ಮಾಡಿದ. ಕೊನೆಗೆ ಚನ್ನಪಟ್ಟಣದ ಬೊಂಬೆ ಮಾಡುವ ಮಕ್ಬೂಲ್ ಹತ್ತಿರ ಹೋಗಿ ಮೊದಲು ಮರದಲ್ಲಿ ಮಾಡಿಸಿ, ಕೂರಿಸಿ ನೋಡಿ, ಅದನ್ನೇ ಲೇತಿನವನ ಮುಂದಿಟ್ಟೆ. "ಬೊಂಬೆ ಮಾಡ್ತಿದ್ದೋನ್ ಕೈಲಿ ಗಾಡಿ ಮಾಡುಸ್ತಾ ಇದ್ದೀರಲ್ಲ ಅಣ್ಣ" ಎಂದು ಮಕ್ಬೂಲ್ ನಕ್ಕ.

ಇನ್ನು ಕ್ಲಚ್ ಪೆಡಲ್ ತೆಗೆಯಬೇಕಿತ್ತು. ಬೋಲ್ಟು ತುಕ್ಕು ಹಿಡಿದು ಬಿಚ್ಚಿ ಬರಲಿಲ್ಲ. ಗರಗಸ ಹಿಡಿದು ಕತ್ತರಿಸುತ್ತಾ ಕೂತಿದ್ದೆ. ಸೊಪ್ಪಿನ ಹೊರೆ ಇಳಿಸಿ ರಮ್ಯಾ ಬಂದು ನಿಂತಿದ್ದಳು.

"ಏನಪ್ಪ ಅದು ಕುಯ್ತಿರೋದು?"

"ಕ್ಲಚ್ಚು ಕಣವ್ವ. ಮೋಟಾರಿಗೆ ಬ್ಯಾಡ."

ಅವಳು ಬಗ್ಗಿ ಅರ್ಧ ಕತ್ತರಿಸಿದ ಪೆಡಲ್ ನೋಡಿದಳು. ಆಮೇಲೆ, "ನನ್ ಕಾಲ್ ಕಡುದ್ರು ಅಂತ ಗಾಡಿ ಕಾಲೂ ಕಡೀತಿದ್ದೀಯಾ?" ಅಂದಳು.

"ನಿಂಗೋಸ್ಕರನೇ ಕಣವ್ವ ಮಾಡ್ತಿರೋದು."

"ನನ್ನ ಕೇಳಿದ್ಯಾ? ಆಸ್ಪತ್ರೇಲೂ ನನ್ನ ಯಾರೂ ಕೇಳ್ನಿಲ್ಲ. ಇಲ್ಲೂ ಕೇಳ್ನಿಲ್ಲ. ಅಯ್ಯೋ ಪಾಪ ಅಂತ ಮಾಡೋ ಗಾಡಿ ನಂಗ್ ಬ್ಯಾಡ."

ಗರಗಸ ಅರ್ಧಕ್ಕೇ ನಿಂತಿತು. ಮರುದಿನ ನಾನು ಗಾಡಿಯ ಹತ್ತಿರ ಹೋಗಲಿಲ್ಲ, ಅದರ ಮರುದಿನವೂ ಹೋಗಲಿಲ್ಲ. ಅಶ್ವಥ್ ಬಂದು, ನನ್ನ ಮುಖ ನೋಡಿ ಕಾಫಿ ಕುಡಿದು ಹೋದ. ಇಂಜಿನ್ ಇದ್ದ ಗುಳಿಯಲ್ಲಿ ನಮ್ಮ ಕೆಂಪು ಕೋಳಿ ಮೊಟ್ಟೆ ಇಡತೊಡಗಿತು. ಇಂಜಿನ್ನೂ ಇಲ್ಲ, ಮೋಟಾರೂ ಇಲ್ಲ; ಅದನ್ನು ಗಾಡಿ ಅನ್ನಲೂ ಆಗುತ್ತಿರಲಿಲ್ಲ.

ಹಾಗೆ ಎಷ್ಟೋ ದಿನ ಕಳೆದ ಮೇಲೆ ರಾಧಾಮಣಿ ಮುದ್ದೆ ಬಡಿಸುತ್ತಾ, ನನ್ನ ಕಡೆ ನೋಡದೆಯೇ, "ಅವ್ಳು ಓಡಿಸ್ದೆ ಇದ್ರೆ ಹೋಗ್ಲಿ. ಮಾಡ್ ಮುಗ್ಸಿ. ನಾನ್ ಓಡುಸ್ತೀನಿ" ಅಂದಳು.

ನನಗೆ ನಗು ಬಂತು. ಸೈಕಲ್ ಕೂಡ ತುಳಿಯದವಳು ನನ್ನ ಹೆಂಡತಿ. ಆದರೆ ಅವಳು ನಗಲಿಲ್ಲ. "ಕಾಲ್ ಎರಡೂ ಗಟ್ಟಿ ಅವೆ, ಕಲಿಯಾಕ್ ಏನು?" ಅಂದಳು. ರಮ್ಯಾ ತಲೆ ಎತ್ತಿ ಅಮ್ಮನನ್ನು ನೋಡಿ, ಮತ್ತೆ ತಟ್ಟೆಗೆ ಬಗ್ಗಿದಳು.

ಅರ್ಧಕ್ಕೆ ನಿಂತಿದ್ದ ಕ್ಲಚ್ ಪೆಡಲ್ ಕತ್ತರಿಸಿ ತೆಗೆದು, ಮೋಟಾರು ಕೂರಿಸಿದೆವು. ಬ್ಯಾಟರಿಯ ಪೆಟ್ಟಿಗೆಗಳನ್ನು ಗಾಡಿಯ ಕೆಳಗೆ ಬಿಗಿದೆವು. ಅಶ್ವಥ್ ಸ್ವಿಚ್ ತಿರುಗಿಸಿದಾಗ ಸದ್ದೇ ಆಗಲಿಲ್ಲ. ಕೆಟ್ಟಿತು ಅಂದುಕೊಂಡೆ. ನೋಡಿದರೆ ಗಾಡಿ ಮೆಲ್ಲಗೆ ಚಲಿಸುತ್ತಿತ್ತು. ಕೋಳಿ ಪಕ್ಕಕ್ಕೆ ಹಾರಿತು. ನನಗೆ ಖುಷಿಗಿಂತ ಒಂಥರಾ ಭಯವಾಯಿತು, ಉಸಿರಾಡದ ದನ ಎದ್ದು ನಡೆದ ಹಾಗೆ.

ರಾಧಾಮಣಿ ಸೆರಗು ಸಿಕ್ಕಿಸಿಕೊಂಡು ಹತ್ತಿಯೇಬಿಟ್ಟಳು. "ಬಾರವ್ವ, ನೀನ್ ಕಲ್ಸು. ನಿಮ್ಮಪ್ಪನ್ ಹತ್ರ ಕಲ್ತ್ರೆ ಜಗಳ ಆಯ್ತದೆ" ಎಂದು ಜಗುಲಿಯ ಕಡೆ ಕೂಗಿದಳು. ರಮ್ಯಾ ಬರುವುದಿಲ್ಲ ಅಂದುಕೊಂಡೆ. ಬಂದಳು. ಪಕ್ಕದ ಸೀಟಿನಲ್ಲಿ ಕೂತಳು. ಗಾಡಿ ತೋಟದ ದಾರಿಯಲ್ಲಿ ಹಾವಿನ ಹಾಗೆ ಹೋಯಿತು, ಬದು ಹತ್ತಿತು, ಹಿಪ್ಪುನೇರಳೆ ಸಾಲಿಗೆ ನುಗ್ಗಿತು.

"ಅಮ್ಮಾ, ಬ್ರೇಕು! ಬ್ರೇಕ್ ತುಳಿಯಮ್ಮ!"

ರಾಧಾಮಣಿ ಗಾಬರಿಯಲ್ಲಿ ಎರಡೂ ಕಾಲನ್ನು ಸೀಟಿನ ಮೇಲಕ್ಕೆ ಎತ್ತಿಕೊಂಡಳು. ಗಾಡಿ ಗಿಡಗಳ ನಡುವೆ ತಾನಾಗಿಯೇ ನಿಂತಿತು. ಆಗ ನಾನು ರಮ್ಯಾಳ ನಗು ಕೇಳಿದೆ. ಅಪಘಾತವಾದ ಮೇಲೆ ಮೊದಲ ಸಲ.

"ಇಳಿ ನೀನು. ಸೊಪ್ಪೆಲ್ಲಾ ಹಾಳ್ ಮಾಡ್ಬುಡ್ತೀಯ" ಎಂದು ಅಮ್ಮನನ್ನು ಇಳಿಸಿದಳು. ಸುತ್ತಿ ಬಂದು, ಆ ಕಾಲನ್ನು ಎರಡು ಕೈಯಲ್ಲಿ ಎತ್ತಿ ಒಳಗಿಟ್ಟುಕೊಂಡು ಕೂತಳು. ಬಾವಿಯವರೆಗೆ ಹೋದಳು, ತಿರುಗಿಸಿದಳು. ಹುಳುವಿನ ಮನೆಯ ಬಾಗಿಲಿಗೆ ಹಿಂದಕ್ಕೆ ತಂದು, ಹಿಂದೆ ಹೇಗೆ ನಿಲ್ಲಿಸುತ್ತಿದ್ದಳೋ ಹಾಗೇ ನಿಲ್ಲಿಸಿದಳು. ನನ್ನನ್ನು ಕರೆದು, "ಬ್ರೇಕು ಒಸಿ ಮ್ಯಾಲೈತೆ. ಇಳ್ಸು" ಅಂದಳು. ಅಷ್ಟೇ. ನಾನು ಸ್ಪ್ಯಾನರ್ ತಗೊಂಡು ಗಾಡಿಯ ಕೆಳಗೆ ತೂರಿದೆ. ಅಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತೇ ಇದ್ದೆ.

ಆಮೇಲಿನ ಅಲೆದಾಟ ಬೇಡ ಬಿಡು. ಗಾಡಿಗೆ ಒಪ್ಪಿಗೆ ಸಿಕ್ಕಿತು. ಅವಳ ಲೈಸೆನ್ಸೂ ಕ್ಲಚ್ ಇಲ್ಲದ ಗಾಡಿಗೆ ಎಂದು ಬದಲಾಗಿ ಬಂತು. ಹೋದ ವಾರ ನಮ್ಮ ಗೂಡು ತುಂಬಿಕೊಂಡು ಮಾರುಕಟ್ಟೆಗೆ ಹೋದೆವು. ನಾನು ಪಕ್ಕದಲ್ಲಿ ಸುಮ್ಮನೆ ಕೂತಿದ್ದೆ. ಒಬ್ಬ ಹಮಾಲಿ, "ಏನವ್ವ, ಗಾಡಿ ಸದ್ದೇ ಇಲ್ಲ!" ಅಂದ. "ಸದ್ ಮಾಡಾಕೆ ನಾನಿದ್ದೀನಲ್ಲಣ್ಣ" ಅಂದಳು. ಅವಳು ಇಳಿದು ನಡೆಯುವಾಗ ಕೆಲವರು ದಾರಿ ಬಿಟ್ಟರು. ಯಾವ ಕಾರಣಕ್ಕೆ ಬಿಟ್ಟರೋ ನನಗೆ ಹೇಳಲು ಬರುವುದಿಲ್ಲ.

ನಿನ್ನ ಇಂಜಿನ್ ಕೊಟ್ಟಿಗೆಯಲ್ಲಿ ಗೋಣಿ ಹೊದ್ದು ಕೂತಿದೆ. ಗುಜರಿಗೆ ಹಾಕಲು ಕೈ ಬಂದಿಲ್ಲ. ರಂಜಾನ್ ಕಳೆದ ಮೇಲೆ ಬಂದು ಒಮ್ಮೆ ನೋಡಿ, ಏನು ಮಾಡಲಿ ಹೇಳು. ಅತ್ತಿಗೆಗೆ ನನ್ನ ನಮಸ್ಕಾರ. ಹಾಜಿರಾಳ ಮನೆ ತಣ್ಣಗಿರಲಿ, ಅವಳ ಮಕ್ಕಳು ಕೈಕಾಲು ಗಟ್ಟಿಯಾಗಿ ನೂರು ಕಾಲ ಬಾಳಲಿ.

ಎಂದೂ ನಿನ್ನವನೇ ಆದ
ಅನಂತರಾಜು

ಮತ್ತೊಂದು ಮಾತು: ಮಡಿಚಿಟ್ಟ ಪತ್ರವನ್ನು ಮತ್ತೆ ಬಿಚ್ಚಿದ್ದೇನೆ. ಇದನ್ನು ಯಾರ ಕೈಯಲ್ಲೂ ಓದಿಸಬೇಡ, ನೀನೇ ಓದಿಕೋ.

ರಮ್ಯಾ ಮನೆ ಬಿಡುತ್ತಿದ್ದಾಳೆ. ರಾಮನಗರದಲ್ಲಿ ರೂಮು ನೋಡಿದ್ದಾಳೆ, ಅಲ್ಲಿಂದಲೇ ಗಾಡಿ ಓಡಿಸುತ್ತಾಳಂತೆ. ರಾಧಾಮಣಿಗೆ ಮೊದಲೇ ಗೊತ್ತಿತ್ತು. ನನಗೆ ಮಗಳು ನಿನ್ನೆ ಹೇಳಿದಳು. "ಇಲ್ಲೇನವ್ವ ಕಮ್ಮಿ ಆಗೈತೆ?" ಎಂದು ಕೇಳಿದೆ. ಸಿಟ್ಟಿಲ್ಲದೆ ಹೇಳಿದಳು: "ಮುಂಚೆ ನಾನು ಎಲ್ಲಿಂದ ಬಂದ್ರೂ ನೀನು ನನ್ ಮಕ ನೋಡ್ತಿದ್ದೆ ಕಣಪ್ಪ. ಈಗ ಮೊದ್ಲು ಕಾಲ್ ನೋಡ್ತೀಯ. ದಿನಾ ನೋಡ್ತೀಯ. ನಿಂಗೇ ಗೊತ್ತಾಗಕಿಲ್ಲ. ಇಲ್ಲಿದ್ರೆ ನಾನು ಕಾಲ್ ಇಲ್ದೋಳಾಗೇ ಇರ್ತೀನಿ."

ಸಂಜೆ ಊಟಕ್ಕೆ ಕೂತಾಗ ಬೇಕೆಂದೇ ಅವಳ ಮುಖ ನೋಡಿದೆ. ಎಡಹುಬ್ಬಿನ ಪಕ್ಕ ಒಂದು ಗಾಯದ ಗುರುತಿದೆ ಮುನಾವರ್, ಕಿವಿಯವರೆಗೂ ಎಳೆದಿದೆ. ರಾಧಾಮಣಿಯನ್ನು ಒಳಗೆ ಕರೆದು, ಇದು ಯಾವಾಗ ಆಯಿತು ಎಂದು ಕೇಳಿದೆ. ಅವಳು ನನ್ನನ್ನೇ ನೋಡಿದಳು.

"ಟಿಪ್ಪರ್ ತಗುಲ್ದಾಗ್ಲೇ ಕಣ್ರೀ."