ಮೆಣಸು ಸುಟ್ಟಿದ್ದಕ್ಕೆ ಕಬಡ್ಡಿ ತಂಡದಿಂದ ಹೊರಗೆ

ಕಾಲೇಜಿನ ಕ್ರೀಡಾ ವಿಭಾಗದ ಮುಖ್ಯಸ್ಥರೇ,

ಶನಿವಾರದ ಅಂತರ ಕಾಲೇಜು ಕಬಡ್ಡಿ ಫೈನಲ್‌ಗೆ ನನ್ನ ಮಗಳು ಮಾನ್ಯಳನ್ನು ನೀವು ಕೈಬಿಟ್ಟಿದ್ದೀರಿ. ಕಾರಣ, ಅವಳು ಹಾಕಿದ ಒಂದು ರೀಲ್. ಅದರಲ್ಲಿ ಅವಳು ಕಾಲೇಜಿನ ಜೆರ್ಸಿ ತೊಟ್ಟು ಕೂತಿದ್ದಾಳೆ. ಅವಳ ಅಜ್ಜಿ, ಅಂದರೆ ನನ್ನ ಅತ್ತೆ, ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕುತ್ತಾರೆ. ಇದು ಎದುರಾಳಿಗಳಿಗೆ ಮಾಡಿದ ಮಾಟ, ಕಾಲೇಜಿನ ಘನತೆಗೆ ಕುಂದು ಎಂದು ನಿಮ್ಮ ಸಮಿತಿ ತೀರ್ಮಾನಿಸಿತಂತೆ. ಸಮಿತಿಯಲ್ಲಿ ಕನ್ನಡ ಬಲ್ಲವರು ಒಬ್ಬರೂ ಇಲ್ಲ. ಆದರೂ ಅತ್ತೆ ಹೇಳಿದ್ದೆಲ್ಲ ನಿಮಗೆ ಅರ್ಥವಾಯಿತು! ಆ ಧೈರ್ಯದ ಮೇಲೇ ಈ ಪತ್ರವನ್ನು ಕನ್ನಡದಲ್ಲಿ ಬರೆದು ಇಲ್ಲಿನ ಕನ್ನಡ ಸಂಘದ ಪತ್ರಿಕೆಗೆ ಕೊಡುತ್ತಿದ್ದೇನೆ.

ಅತ್ತೆ ಹೇಳಿದ್ದು ಇಷ್ಟೆ: "ನಾಯಿ ಕಣ್ಣು, ನರಿ ಕಣ್ಣು, ಬಂದವರ ಕಣ್ಣು, ಹೋದವರ ಕಣ್ಣು, ಎಲ್ಲ ಸುಟ್ಟು ಹೋಗ್ಲಿ." ನಮ್ಮ ಉಡುಪಿ ಕಡೆ ಇದಕ್ಕೆ ದೃಷ್ಟಿ ತೆಗೆಯುವುದು ಎನ್ನುತ್ತಾರೆ. ಇಲ್ಲಿ ದಕ್ಷಿಣೇಶ್ವರದ ನಮ್ಮ ಹೋಟೆಲಿನಲ್ಲಿ ಹೊಸ ಗ್ರೈಂಡರಿಗೂ ತೆಗೆದಿದ್ದೇವೆ. ಅದರಿಂದ ಪಕ್ಕದ ಮಿಠಾಯಿ ಅಂಗಡಿಯವರ ಒಲೆಯೇನೂ ಆರಿಲ್ಲ. ನಿಮ್ಮ ಕಾರಿನ ಮುಂದೆ ತೂಗುವ ನಿಂಬೆಹಣ್ಣು, ಹಸಿಮೆಣಸು ಯಾವ ತಂಡದ ವಿರುದ್ಧ, ಸ್ವಾಮಿ?

ನಿಯಮವೇ ಬೇಡ ಎನ್ನುತ್ತಿಲ್ಲ. ಆಡುವ ಮಕ್ಕಳು ಮೊಬೈಲನ್ನು ಹದವರಿತು ಬಳಸಬೇಕು. ನನ್ನ ಮಗಳು ರೆಫ್ರಿಯನ್ನು ಬೈದೋ, ಸೋತವರನ್ನು ಅಣಕಿಸಿಯೋ ಏನಾದರೂ ಹಾಕಿದ್ದರೆ ನಾನೇ ಫೋನು ಕಿತ್ತು ಅಕ್ಕಿ ಡಬ್ಬಿಯಲ್ಲಿ ಹೂಳುತ್ತಿದ್ದೆ. ಆದರೆ ಸೆಮಿಫೈನಲ್ಲಿಗೆ ಮುಂಚೆ, ನಿಮ್ಮ ವಿಭಾಗದ ಪೇಜಿನಲ್ಲಿ "ನೋವಿಗೆ ಜಗ್ಗದ ನಮ್ಮ ರೈಡರ್" ಎಂದು ಅವಳ ಎಡ ಮೊಣಕಾಲಿನ ಪಟ್ಟಿಯ ಫೋಟೋ ಹಾಕಿದವರು ಯಾರು? ಪಕ್ಕದಲ್ಲಿ ಹೆಬ್ಬೆರಳೆತ್ತಿ ನಿಂತವರು ತಾವೇ ಅಲ್ಲವೇ? ಎದುರಾಳಿಗಳು ಪ್ರತಿ ರೈಡಿನಲ್ಲೂ ಆ ಕಾಲಿಗೇ ಕೈ ಹಾಕಿದರು. ಗೆದ್ದಳು, ಆದರೆ ಕುಂಟುತ್ತ ಮನೆಗೆ ಬಂದಳು. ಆಗಲೇ ಅತ್ತೆ, "ಯಾರ ಕಣ್ಣು ಬಿತ್ತು ಮಗಾ?" ಎಂದು ಮೆಣಸು ಕೈಗೆತ್ತಿಕೊಂಡದ್ದು. ಉತ್ತರ ನಿಮ್ಮ ಪೇಜಿನಲ್ಲೇ ಇದೆ, ಲೈಕುಗಳ ಸಮೇತ. ಶಾಸ್ತ್ರ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ.

ನಿಮ್ಮ ನೋಟಿಸು ಬಂದ ಕೂಡಲೇ ಮಾನ್ಯ ರೀಲ್ ಅಳಿಸಿದಳು. ಆಮೇಲೆ ನನ್ನ ಹತ್ತಿರ ಬಂದು, "ಅಮ್ಮಾ, ಅಜ್ಜಿಗೆ ಹೇಳ್ಬೇಡ, ಪ್ಲೀಸ್. ಅವರಿಂದ್ಲೇ ಆಯ್ತು ಅಂತ ಶಿ ವಿಲ್ ಫೀಲ್ ಬ್ಯಾಡ್," ಎಂದು ಅತ್ತಳು. ಅತ್ತೆಗೆ ಓದಲು ಬಾರದು, ಹಾಗಾಗಿ ಈ ಪತ್ರದಿಂದ ಅವರಿಗೆ ತಿಳಿಯುವ ಭಯವಿಲ್ಲ. ಅತ್ತೆಯೋ, ಮೊಮ್ಮಗಳ ಆಟವನ್ನು ಮೊದಲ ಸಲ ನೋಡುವ ಹುರುಪಿನಲ್ಲಿ ಸೀರೆ ಇಸ್ತ್ರಿ ಮಾಡಿಸಿಟ್ಟಿದ್ದಾರೆ. "ಶನಿವಾರ ಎಷ್ಟೊತ್ತಿಗೆ ಹೊರಡುದು? ಮೆಟ್ರೋದಲ್ಲಿ ಕೂತ್ಕೊಳ್ಳಿಕ್ಕೆ ಜಾಗ ಸಿಗ್ತದಾ?" ಎಂದು ದಿನಕ್ಕೆ ನೂರು ಸಲ ಕೇಳುತ್ತಾರೆ. ನಾನು ಏನೂ ಆಗಿಲ್ಲವೆಂಬಂತೆ ಹೊರಡುವ ಹೊತ್ತು ಹೇಳುತ್ತೇನೆ.

ಅವಳನ್ನು ತಂಡಕ್ಕೆ ಮರಳಿ ಸೇರಿಸಿ. ಪೇಜಿನಿಂದ ಆ ಮೊಣಕಾಲಿನ ಫೋಟೋ ಅಳಿಸಿ. ಶನಿವಾರ ಅವಳು ಸೋಲುವುದಾದರೆ ಅಂಕಣದಲ್ಲಿ ಸೋಲಲಿ, ಏಳು ಜನ ಸೇರಿ ಹಿಡಿದು ಕೆಡವಲಿ. ನೀವು ಕುರ್ಚಿಯಲ್ಲಿ ಕೂತಲ್ಲೇ ಕೆಡವಬೇಡಿ.

ಇಂತಿ,
ಅತ್ತೆಗೆ ಸುಳ್ಳು ಹೇಳಿ ಹೇಳಿ ಸುಸ್ತಾದ ಸೊಸೆ,
ವಾಸಂತಿ