ಗಂಟೆಗೆ ಎದ್ದ ಕೈಗಳು

ಬಾಟಲಿ ಕಾರ್ಖಾನೆಯ ವಸತಿಸಾಲು
ಬುಧವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಬೆನ್ನುನೋವು ಇಳಿಯಿತೇ? ಪ್ರಯೋಗಾಲಯದ ಕುರ್ಚಿಯಲ್ಲೇ ನಿದ್ದೆ ಮಾಡಿದರೆ ಬೆನ್ನು ಉಳಿಯುವುದಾದರೂ ಹೇಗೆ, ಪುಣ್ಯಾತ್ಮ? ನಿನ್ನ ಭಾವನಿಗೆ ಊಟ ಸೇರುತ್ತಿದೆ, ಜ್ವರವಿಲ್ಲ, ಕೆಮ್ಮಿಲ್ಲ. ಆದರೆ ಆರಾಮಾಗಿದ್ದೇವೆ ಎಂದು ಬರೆಯಲು ಮನಸ್ಸು ಒಪ್ಪುತ್ತಿಲ್ಲ.

ಲಕ್ವ ಹೊಡೆದವರ ಕೈ ಎಬ್ಬಿಸಲೆಂದು ನೀನು ಮಾಡಿದ ಟೊಪ್ಪಿ ಇಲ್ಲಿಗೂ ಬಂದಿದೆ. ಕಳೆದ ಸಲ ನಮ್ಮ ಅಡುಗೆಮನೆಯಲ್ಲಿ ಕೂತು ಎಷ್ಟು ಚೆನ್ನಾಗಿ ಹೇಳಿದ್ದೆ: "ಒಟ್ಟಿಗೆ ಮಿಡಿದ ನರಕೋಶಗಳ ನಡುವಿನ ಕೊಂಡಿ ಗಟ್ಟಿಯಾಗುತ್ತೆ ಅಕ್ಕ, ಬಳಸದ್ದು ಸಡಿಲವಾಗುತ್ತೆ. ಆಮೇಲೆ ಒಂದೆರಡನ್ನ ತಟ್ಟಿದ್ರೆ ಸಾಕು, ಗುಂಪಿಗೆ ಗುಂಪೇ ಎದ್ದುಬಿಡುತ್ತೆ." ಇದು ನಮ್ಮ ಕಾರ್ಮಿಕ ಸಂಘದ ಭಾಷಣವಲ್ಲವೇನೋ ಎಂದು ನಾನು ನಕ್ಕಿದ್ದೆ. ಈಗ ಇಲ್ಲಿ ನೋಡು. ನಿನ್ನ ಭಾವನೂ ಸೇರಿ ಬಾಟಲಿ ಆರಿಸುವ ವಿಭಾಗದವರಿಗೆಲ್ಲ ಟೊಪ್ಪಿ ಹಾಕಿದ್ದಾರೆ. ಗಂಟೆ ಹೊಡೆಯುತ್ತದೆ, ಕೈ ಬಾಟಲಿ ಎತ್ತುತ್ತದೆ, ಬೆಳಕಿಗೆ ಹಿಡಿದು ತಿರುಗಿಸುತ್ತದೆ, ಬಿರುಕು ಬಿಟ್ಟದ್ದನ್ನು ಎಡಕ್ಕಿಡುತ್ತದೆ. ಅದೇ ಗಳಿಗೆಗೆ ಟೊಪ್ಪಿ ತಲೆಯೊಳಗೆ ಸಣ್ಣದೊಂದು ಮಿಂಚು ಹರಿಸುತ್ತದೆ. ದಿನವಿಡೀ ಇದೇ. ನೋವಿಲ್ಲ, ತಪ್ಪೂ ಕಮ್ಮಿ, ಧಣಿಗೆ ಹಿಗ್ಗೋ ಹಿಗ್ಗು. ಕಳೆದ ವಾರ ನಿನ್ನ ಭಾವ ಮಗಳನ್ನು ಎತ್ತಿಕೊಂಡವರು ಕಿಟಕಿಯ ಬೆಳಕಿಗೆ ಹಿಡಿದು ನಿಧಾನ ತಿರುಗಿಸಿದರು. ಆಟವೆಂದುಕೊಂಡು ಅವಳು ಕಿಲಕಿಲ ನಕ್ಕಳು. ಅವರು ನಗಲಿಲ್ಲ. ಅವಳನ್ನು ಎಡಗಡೆ ಇಳಿಸಿದರು.

ಈ ಸೋಮವಾರ ಮುಷ್ಕರ ಹೂಡಿದೆವು. ಟೊಪ್ಪಿ ತೆಗೆಯಿರಿ ಎಂಬುದೊಂದೇ ಬೇಡಿಕೆ. ನಮ್ಮ ಸಂಘದ ರೂಢಿ ಅಪ್ಪನ ಕಾಲದ್ದು, ನಿನಗೆ ಗೊತ್ತು: ಪಾಳಿಯ ಗಂಟೆ ಹೊಡೆದ ತಕ್ಷಣ ಎಲ್ಲರೂ ಕೈಕಟ್ಟಿ ನಿಲ್ಲುವುದು. ಹಾಳಾದ್ದು, ಈ ಸಲ ಗಂಟೆಯ ಬಗ್ಗೆ ಯಾರೂ ಯೋಚಿಸಲಿಲ್ಲ. ಟೊಪ್ಪಿ ಕಿತ್ತು ನೆಲಕ್ಕೆಸೆದು ಜನ ಕಾದು ನಿಂತರು. ಗಂಟೆ ಹೊಡೆಯಿತು. ತಲೆಯ ಮೇಲೆ ಟೊಪ್ಪಿಯಿಲ್ಲದೆಯೂ ಸಾಲಿಗೆ ಸಾಲೇ ಬಾಟಲಿ ಎತ್ತಿತು. ನಿನ್ನ ಭಾವ ಘೋಷಣೆ ಕೂಗುತ್ತಲೇ ಇದ್ದರು. ಬಾಯಿ ನಮ್ಮದು, ಕೈ ಧಣಿಯದು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಬೆರಳು ಬಾಟಲಿ ತಿರುಗಿಸುತ್ತಲೇ ಇತ್ತು. ಮೇಲಿನ ಕೋಣೆಯಿಂದ ನೋಡುತ್ತಿದ್ದ ಮ್ಯಾನೇಜರು ಬೈಯಲಿಲ್ಲ, ಪೊಲೀಸರನ್ನು ಕರೆಯಲಿಲ್ಲ. ಮತ್ತೊಮ್ಮೆ ಗಂಟೆ ಒತ್ತಿದ, ಅಷ್ಟೇ. ನಿನ್ನೆಯಿಂದ ಗಂಟೆಯನ್ನು ವ್ಯಾನಿಗೆ ಕಟ್ಟಿ ನಮ್ಮ ಬೀದಿಗೇ ಕಳಿಸುತ್ತಿದ್ದಾನೆ. ಅದು ಬಂತೆಂದರೆ ಮನೆಮನೆಯ ಬಾಗಿಲಲ್ಲೂ ಖಾಲಿ ಕೈಗಳು ಗಾಳಿಯಲ್ಲಿ ತಿರುಗುತ್ತವೆ.

ಬಿದ್ದ ಕೈಯನ್ನು ಅದರ ಒಡೆಯನಿಗೆ ಮರಳಿಸಿದೆ, ಭೇಷ್. ಅದೇ ವಿದ್ಯೆಯನ್ನು ಧಣಿಗೆ ಮಾರಿ ಚೆನ್ನಾಗಿದ್ದ ಕೈಗಳನ್ನು ಕಿತ್ತುಕೊಟ್ಟವನು ಯಾರು? "ನಾನು ಬರೀ ವಿಜ್ಞಾನಿ" ಅಂತ ಮಾತ್ರ ಹೇಳಬೇಡ. ಗಟ್ಟಿಯಾದ ಕೊಂಡಿಯನ್ನು ಸಡಿಲಿಸುವ ದಾರಿಯೂ ನಿನಗೆ ಗೊತ್ತಿರಲೇಬೇಕು. ಅದನ್ನು ಬರೆದು ಕಳಿಸು.

ಬೆನ್ನಿಗೆ ಬಿಸಿನೀರಿನ ಶಾಖ ಕೊಡು. ನಿನಗೆ ಒಳ್ಳೆಯದಾಗಲಿ, ನಿನ್ನಿಂದ ಇನ್ನೊಬ್ಬರಿಗೂ ಆಗಲಿ.

ನಿನ್ನ
ಅಕ್ಕ

ಲಕೋಟೆ ಅಂಟಿಸುವಷ್ಟರಲ್ಲಿ ಶಾಲೆಯ ಟೀಚರು ಬಂದು ಹೇಳಿ ಹೋದರು: ಬರುವ ಸೋಮವಾರ ಮಕ್ಕಳಿಗೂ ಟೊಪ್ಪಿಯಂತೆ, ಪಾಠದಲ್ಲಿ ಗಮನ ನಿಲ್ಲಲಿ ಅಂತ. ತಲೆಯ ಅಳತೆ ತೆಗೆಯಲು ನೀನೇ ಬರುತ್ತೀಯಂತೆ. ಬಾ. ಶಾಲೆಯ ಬಾಗಿಲಲ್ಲಿ ನಾನಿರುತ್ತೇನೆ. ನಾನು ಟೊಪ್ಪಿ ಹಾಕಿಕೊಂಡವಳಲ್ಲ. ಎಷ್ಟು ಸಲ ಗಂಟೆ ಹೊಡೆದರೂ ನಿನ್ನ ಕೊರಳಪಟ್ಟಿ ಬಿಡುವುದಿಲ್ಲ.